ಸರಪಳಿಯನ್ನು ಅಳೆದವಳು

ಹೊಸ ತಿಪ್ಪಸಂದ್ರದ ನಮ್ಮ ಅಡ್ಡರಸ್ತೆಯಲ್ಲಿ ನನ್ನ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸಲಾರರು. ನಾಯಿ ಅಂಕಲ್ ಮನೆ ಎಂದರೆ ಸಾಕು, ಮಕ್ಕಳೂ ತೋರಿಸುತ್ತಾರೆ. ಬೆಳಿಗ್ಗೆ ಹಾಲು ತರಲು ಹೊರಟೆನೆಂದರೆ ಬೇಕರಿಯ ಕಟ್ಟೆಯಿಂದ, ನಿಂತ ಆಟೋಗಳ ಅಡಿಯಿಂದ, ತರಕಾರಿ ಗಾಡಿಗಳ ನೆರಳಿನಿಂದ ಒಂದೊಂದೇ ನಾಯಿ ಎದ್ದು, ಮೈಮುರಿದು, ನನ್ನ ಹಿಂದೆ ಬರುತ್ತಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಬಿಸ್ಕತ್ತು. ಮಾರ್ಕೆಟ್ ರಸ್ತೆಯ ಯಾವ ನಾಯಿಯ ಕಿವಿ ಹರಿದಿದೆ, ಯಾವುದಕ್ಕೆ ಪಟಾಕಿ ಎಂದರೆ ನಡುಕ, ಯಾವುದು ಯಾವುದರ ಮಗಳು ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದೆ. ಅದೊಂದು ಹೆಮ್ಮೆ ನನಗೆ.

ಬೆಕ್ಕುಗಳ ಮೇಲೆ ನನ್ನದೊಂದು ಭಾಷಣವಿತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಬೆಕ್ಕಿಗೆ ನಿಯತ್ತಿಲ್ಲ, ಹಾಲು ಮುಗಿದ ಮೇಲೆ ನಮ್ಮ ಮುಖವೇ ಅದಕ್ಕೆ ನೆನಪಿರುವುದಿಲ್ಲ, ಕರೆದರೆ ಬರುವುದಿಲ್ಲ, ಬಂದರೆ ಕರೆದದ್ದಕ್ಕಲ್ಲ. ಹೀಗೆ ಸಾಗುತ್ತಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಫ್ರೇಜರ್ ಟೌನಿನ ಗೆಳೆಯನೊಬ್ಬ ಮನೆಯಲ್ಲಿ ಬೆಕ್ಕು ಸಾಕಿದ್ದವನು. ಅವನು ಚಹಾ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡು, ನೀನು ಎಂದಾದರೂ ಒಂದು ಬೆಕ್ಕನ್ನು ಅರ್ಧ ಗಂಟೆ ಸುಮ್ಮನೆ ನೋಡಿದ್ದೀಯಾ ಎಂದು ಕೇಳುತ್ತಿದ್ದ. ನೋಡಿರಲಿಲ್ಲ. ನೋಡುವುದಕ್ಕೆ ಅದರಲ್ಲಿ ಏನಿದೆ ಎಂಬುದೇ ನನ್ನ ವಾದವಾಗಿತ್ತು.

ನೋಡುವುದೇ ನನ್ನ ಉದ್ಯೋಗವಾಗಿತ್ತೆಂಬುದು ಈಗ ವಿಚಿತ್ರವಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ನಾನಿದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಕೂದಲೆಳೆಯ ವ್ಯತ್ಯಾಸವಿದ್ದರೂ ಪಕ್ಕಕ್ಕಿಡುವುದು. ಮೂವತ್ತು ವರ್ಷಕ್ಕೂ ಮೀರಿ ಅದನ್ನೇ ಮಾಡಿ ನಿವೃತ್ತನಾದೆ. ಮೊದಲ ಕೆಲವು ತಿಂಗಳು ಕೈ ಸುಮ್ಮನಿರುತ್ತಿರಲಿಲ್ಲ. ಊಟದ ಮೇಜಿನ ಮೇಲಿನ ಲೋಟಗಳನ್ನು ಒಂದು ಗೆರೆಯಲ್ಲಿ ಜೋಡಿಸುತ್ತ ಕೂರುತ್ತಿದ್ದೆ. ಹೆಂಡತಿ ಹಲಸೂರಿನ ಶಾಲೆಯೊಂದರಲ್ಲಿ ಇನ್ನೂ ಪಾಠ ಹೇಳುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನಾಯಿ.

ಕಂದು ಬಣ್ಣದ ನಾಟಿ ನಾಯಿ ಅವನು. ಮರಿಯಾಗಿದ್ದಾಗ ಮಾರ್ಕೆಟ್ ರಸ್ತೆಯ ಮೋರಿಯಿಂದ ಎತ್ತಿ ತಂದದ್ದು. ಈಗ ಒಂಬತ್ತು ವರ್ಷ. ಮೂತಿಯ ಸುತ್ತ ನರೆ ಬಂದಿದ್ದರೂ ದನಿ ಮಾತ್ರ ಬೀದಿಯ ಕೊನೆಯವರೆಗೆ ಕೇಳುತ್ತದೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವರ ಪ್ಯಾಂಟು ಹರಿದ ಮೇಲೆ ಅವನನ್ನು ಕಟ್ಟಿಹಾಕಲು ಶುರು ಮಾಡಿದೆ. ಮನೆಗೂ ಕಾಂಪೌಂಡಿಗೂ ನಡುವೆ ಉದ್ದಕ್ಕೆ ಒಂದು ಸಂದು ಇದೆ. ಅದರ ಹಿಂದಿನ ತುದಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ಮಧ್ಯದ ಗೋಡೆಯಲ್ಲಿ ಒಂದು ಕಬ್ಬಿಣದ ಕೊಂಡಿ. ಆ ಕೊಂಡಿಗೆ ಸರಪಳಿ, ಸರಪಳಿಗೆ ಅವನು. ಬೆಳಿಗ್ಗೆ ಸಂಜೆ ವಾಕಿಂಗು, ಉಳಿದ ಹೊತ್ತೆಲ್ಲ ಅವನ ಜಾಗ ಅದೇ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಕ್ಕು ಬರತೊಡಗಿತು. ಬೂದು ಮೈ, ಕಪ್ಪು ಪಟ್ಟೆ, ಬಾಲದ ತುದಿ ಸ್ವಲ್ಪ ಮುರಿದಿತ್ತು. ಮೊದಲ ದಿನ ಕಾಂಪೌಂಡಿನ ಮೇಲೆ ಗೇಟಿನ ಹತ್ತಿರ ಕುಳಿತಿತ್ತು. ನಾಯಿ ಬೊಗಳಿ ಬೊಗಳಿ ಗಂಟಲು ಹರಿದುಕೊಂಡ. ಅದು ಕಾಲು ನೆಕ್ಕುತ್ತ ಕೂತೇ ಇತ್ತು. ಮರುದಿನ ಇನ್ನೊಂದಿಷ್ಟು ಒಳಗೆ, ಅದರ ಮರುದಿನ ಸಂದಿನ ಹಿಂದಿನ ತುದಿಯಲ್ಲಿ. ಆಮೇಲೆ ನೆಲಕ್ಕೇ ಇಳಿಯಿತು. ಒಗೆಯುವ ಕಲ್ಲಿನ ಮೇಲೆ ಒಂದು ದಿನ, ಅದರ ಬುಡದಲ್ಲಿ ಒಂದು ದಿನ. ನಾಯಿ ಸರಪಳಿ ಜಗ್ಗಿ ಮುಂಗಾಲೆತ್ತಿ ನಿಲ್ಲುವುದು, ಇದು ಕಣ್ಣು ಅರ್ಧ ಮುಚ್ಚಿ ಅವನನ್ನು ನೋಡುತ್ತಿರುವುದು. ನನಗೆ ಮೈ ಉರಿಯುತ್ತಿತ್ತು. ನನ್ನ ನಾಯಿಯನ್ನು ಬೇಕೆಂದೇ ಅಣಕಿಸುತ್ತಿದೆ ಎಂದುಕೊಂಡು ಎರಡು ಸಲ ಚೊಂಬಿನಿಂದ ನೀರೆರಚಿದೆ. ಮೈ ಒದರಿ ಗೋಡೆ ಹತ್ತಿ ಹೋಯಿತು. ಮರುದಿನ ಅದೇ ಹೊತ್ತಿಗೆ ಬಂತು.

ನಮ್ಮ ಮಹಡಿಯ ಮೇಲೆ ಶೀಟು ಹೊದೆಸಿದ ಒಂದು ಕೋಣೆ ಇತ್ತು. ಅಲ್ಲಿ ಯಾದಗಿರಿ ಕಡೆಯ ಗಂಡಹೆಂಡಿರು ಬಾಡಿಗೆಗಿದ್ದರು. ಗಂಡನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಅವಳು ಸುತ್ತಮುತ್ತಲಿನ ನಾಲ್ಕು ಮನೆಗಳ ಕೆಲಸ ಮುಗಿಸಿ ಮಧ್ಯಾಹ್ನಕ್ಕೆ ಬಂದು ಪ್ಯಾರಾಪೆಟ್ಟಿನ ಬಳಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅಲ್ಲಿಂದ ಕೆಳಗಿನ ಸಂದು ಪೂರ್ತಿ ಕಾಣುತ್ತದೆ. ನಾನು ನೀರೆರಚಿದ್ದನ್ನು ನೋಡಿ ಅವಳು, ಬೆಕ್ಕು ಬಸುರಿ, ಹಾಗೆ ಮಾಡಬೇಡಿ ಎಂದು ಮೇಲಿನಿಂದಲೇ ಹೇಳಿದಳು. ನನಗೆ ನಾಚಿಕೆಯಾಯಿತು. ಆದರೆ ಬೆಕ್ಕಿನ ಮೇಲಿನ ಸಿಟ್ಟು ಇಳಿಯಲಿಲ್ಲ.

ಒಂದು ಬೆಳಿಗ್ಗೆ ವಾಕಿಂಗಿನಿಂದ ಬಂದು ನಾಯಿಯನ್ನು ಕಟ್ಟುತ್ತಿದ್ದಂತೆ ಅವನು ಹುಚ್ಚನಂತೆ ಹಿಂದಿನ ತುದಿಗೆ ನುಗ್ಗಿದ. ಒಗೆಯುವ ಕಲ್ಲಿನ ಪಕ್ಕದಲ್ಲಿ ಮೋಟಾರು ಸುಟ್ಟ ಹಳೆಯ ಏರ್ ಕೂಲರಿನ ಪೆಟ್ಟಿಗೆಯೊಂದು ವರ್ಷಗಳಿಂದ ಮಲಗಿತ್ತು. ಗುಜರಿಗೆ ಹಾಕಬೇಕೆಂದು ಹೆಂಡತಿ ಹೇಳುತ್ತಲೇ ಇದ್ದಳು. ಬಗ್ಗಿ ನೋಡಿದರೆ ಅದರೊಳಗೆ ಬೆಕ್ಕು, ಹೊಟ್ಟೆಗೆ ಅಂಟಿಕೊಂಡು ಇಲಿಗಾತ್ರದ ಮೂರು ಮರಿಗಳು. ಕಣ್ಣು ಬಿಟ್ಟಿರಲಿಲ್ಲ.

ಇಡೀ ತಿಪ್ಪಸಂದ್ರದಲ್ಲಿ ಇದಕ್ಕೆ ಬೇರೆ ಜಾಗ ಸಿಗಲಿಲ್ಲವೇ ಎಂದು ನಾನು ಕೂಗಾಡಿದೆ. ಒಂದು ರಟ್ಟಿನ ಡಬ್ಬ ತಂದು ಮರಿಗಳನ್ನು ಖಾಲಿ ಸೈಟಿಗೆ ಸಾಗಿಸುತ್ತೇನೆ ಎಂದೆ. ಶಾಲೆಗೆ ಹೊರಟಿದ್ದ ಹೆಂಡತಿ ಬ್ಯಾಗು ಕೆಳಗಿಟ್ಟು ಅಡ್ಡ ನಿಂತಳು.

"ಸಂಜೆ ನಾನು ಬರೋವರೆಗೂ ಮುಟ್ಟಬೇಡಿ. ಇಷ್ಟೇ ಕೇಳ್ತಿರೋದು," ಎಂದಳು.

ಅವಳು ಹೋದ ಮೇಲೆ ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಕಾವಲಿಗೆಂದೇ ಕೂತದ್ದು. ಸರಪಳಿ ತುಂಡಾದರೆ ಮರಿಗಳ ಕಥೆ ಮುಗಿಯುತ್ತದೆ. ನಾಯಿ ಪೂರ್ತಿ ಜಗ್ಗಿಕೊಂಡು, ಕತ್ತು ಚಾಚಿ, ನಾಲಿಗೆ ಹೊರಹಾಕಿ ಏದುತ್ತಿದ್ದ. ಅವನ ಮೂಗಿಗೂ ಪೆಟ್ಟಿಗೆಯ ಬಾಯಿಗೂ ನಡುವೆ ಅಂಗೈ ಅಗಲದ ಜಾಗ. ಬೆಕ್ಕು ಮರಿಗಳಿಗೆ ಹಾಲೂಡಿಸುತ್ತ ಮಲಗಿತ್ತು. ಅದರ ಒಂದು ಮೀಸೆಯೂ ಅಲುಗಲಿಲ್ಲ. ಅಂಗೈ ದೂರದಲ್ಲಿ ಅಷ್ಟು ದೊಡ್ಡ ಬಾಯಿ, ಹಲ್ಲು, ಉಸಿರಿನ ಬಿಸಿ. ಅದು ನಿದ್ದೆ ಹೋಯಿತು.

ಅಲ್ಲಿ ನನಗೆ ಏನೋ ತಟ್ಟಿತು. ಒಳಗೆ ಹೋಗಿ ಟೇಪು ತಂದೆ. ಕೊಂಡಿಯಿಂದ ನಾಯಿಯ ಮೂಗಿನ ತುದಿಯವರೆಗೆ ಅಳೆದೆ. ಕೊಂಡಿಯಿಂದ ಪೆಟ್ಟಿಗೆಯ ಬಾಯಿಯವರೆಗೆ ಅಳೆದೆ. ವ್ಯತ್ಯಾಸ ನಾಲ್ಕು ಇಂಚು. ಮುಂಗಾಲು ಚಾಚಿದರೂ ಉಗುರು ಪೆಟ್ಟಿಗೆಯ ಅಂಚನ್ನು ಮುಟ್ಟುತ್ತಿರಲಿಲ್ಲ. ಒಂದೆರಡು ಬೆರಳಿನಷ್ಟು ಉಳಿಯುತ್ತಿತ್ತು. ಹಿಂದಿನ ಎರಡು ವಾರ ನನ್ನ ಕಣ್ಣೆದುರೇ ನಡೆದದ್ದೆಲ್ಲ ಆಗ ಸಾಲಾಗಿ ನೆನಪಾಯಿತು. ಗೇಟಿನ ಹತ್ತಿರ, ಆಮೇಲೆ ಗೋಡೆಯ ನಡುವೆ, ಆಮೇಲೆ ಹಿಂದಿನ ತುದಿ, ಕಲ್ಲಿನ ಮೇಲೆ, ಕಲ್ಲಿನ ಬುಡ. ಪ್ರತಿದಿನ ಈ ಬಸುರಿ ಅವನನ್ನು ಎಬ್ಬಿಸಿ, ಜಗ್ಗಿಸಿ, ಅವನು ಎಲ್ಲಿ ನಿಲ್ಲುತ್ತಾನೆಂದು ನೋಡಿ ಹೋಗುತ್ತಿದ್ದಳು. ನಾನು ಅದನ್ನು ಅಣಕ ಎಂದುಕೊಂಡಿದ್ದೆ. ಅವಳು ಅಳತೆ ತೆಗೆದುಕೊಳ್ಳುತ್ತಿದ್ದಳು.

ಇದು ನನ್ನ ಕಲ್ಪನೆ ಇರಬಹುದೇ ಎಂದು ಇವತ್ತಿಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಪ್ರಾಣಿಯ ತಲೆಯೊಳಗೆ ಹೊಕ್ಕು ನೋಡಿದವರು ಯಾರು? ಆದರೆ ನನ್ನ ಕೈಯಲ್ಲಿ ಟೇಪಿತ್ತು, ಟೇಪಿನಲ್ಲಿ ನಾಲ್ಕು ಇಂಚಿತ್ತು. ಅಳತೆಯ ವಿಷಯದಲ್ಲಿ ನಾನು ಸುಲಭಕ್ಕೆ ಬೆರಗಾಗುವವನಲ್ಲ. ಅವತ್ತು ಟೇಪನ್ನು ಮಡಿಸುವುದೂ ಮರೆತು ಕೂತಿದ್ದೆ.

ಮಧ್ಯಾಹ್ನ ಮಹಡಿಯವಳು ಕೆಲಸದಿಂದ ಬಂದಾಗ ಕೇಳಿದೆ. ಅಳೆದು ಬರುವಷ್ಟು ಬುದ್ಧಿಯಿದ್ದ ಬೆಕ್ಕಿಗೆ ನಾಯಿಯ ಬಾಯಿಯ ಮುಂದೆಯೇ ಏಕೆ ಬರಬೇಕಾಯಿತು? ಅವಳು ಮೆಟ್ಟಿಲಿಳಿದು ಬಂದು, ಸೆರಗಿನಿಂದ ಕೈ ಒರೆಸಿಕೊಂಡು, ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು.

"ಹೋದ ಸಲ ಮ್ಯಾಲ ಟ್ಯಾಂಕಿನ ಹಿಂದ ಈದಿದ್ಳ್ರಿ ಅಣ್ಣಾರ. ನಾಕು ಮರಿ. ಆ ಕರಿ ಗಂಡಬೆಕ್ಕ ಬಂದು ನಾಕೂ ಕೊಂದು ಹಾಕ್ತು. ನಾ ಕಣ್ಣಿಲೆ ನೋಡೀನಿ," ಎಂದಳು. "ಅದಕ್ಕ ಈ ಸಲ ನಿಮ್ಮ ನಾಯಿ ಬಾಜೂಕ ಬಂದಾಳ. ಸರಪಳಿ ಎಲ್ಲಿ ತನಕ ಬರತದ ಅಂತ ಆಕಿಗಿ ಗೊತ್ತದ. ಆ ಗಂಡಬೆಕ್ಕಿಗಿ ಗೊತ್ತಿಲ್ಲಲ್ರಿ."

ಅದನ್ನವಳು ಬಹಳ ಸಾಮಾನ್ಯ ಸಂಗತಿ ಎಂಬಂತೆ ಹೇಳಿ ಮೇಲೆ ಹೋದಳು. ನಾನು ಪೆಟ್ಟಿಗೆ, ನಾಯಿ, ಕೊಂಡಿ ಮೂರನ್ನೂ ಮತ್ತೊಮ್ಮೆ ನೋಡಿದೆ. ಒಂಬತ್ತು ವರ್ಷದಿಂದ ಅನ್ನ ಹಾಕಿ ಸಾಕಿದ ನನ್ನ ನಾಯಿಯನ್ನು ಆ ಬೆಕ್ಕು ಕಾವಲಿಗೆ ಇಟ್ಟುಕೊಂಡಿತ್ತು.

ಅವತ್ತಿನಿಂದ ನಾನು ನೋಡತೊಡಗಿದೆ. ಅರ್ಧ ಗಂಟೆಯಲ್ಲ, ಇಡೀ ದಿನ. ಒಂದು ವಾರದಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ನಾಯಿ ಸರಪಳಿಯಲ್ಲಿ ಇರುವಾಗ ಮಾತ್ರ ಮರಿಗಳ ತಾಯಿ ಹೊಟ್ಟೆಪಾಡಿಗೆ ಹೊರಗೆ ಹೋಗುತ್ತಿದ್ದಳು. ವಾಕಿಂಗಿಗೆಂದು ನಾನು ನಾಯಿಯ ಬೆಲ್ಟು ತೆಗೆದುಕೊಂಡ ಸದ್ದಾದರೆ, ಎಲ್ಲಿದ್ದರೂ ಗೋಡೆ ಹಾರಿ ಬಂದು ಪೆಟ್ಟಿಗೆಯೊಳಗೆ ಕೂತುಬಿಡುತ್ತಿದ್ದಳು. ನಾವು ಮರಳಿ ಬಂದು ಕೊಂಡಿಗೆ ಸರಪಳಿ ಸಿಕ್ಕಿಸಿದ ಮೇಲೆಯೇ ಏಳುತ್ತಿದ್ದದ್ದು. ನಂಬಿಕೆಯಾಗದೆ ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ, ನಡುಮಧ್ಯಾಹ್ನ, ಬೆಲ್ಟು ಅಲ್ಲಾಡಿಸಿದೆ. ಒಂದು ನಿಮಿಷದೊಳಗೆ ಅವಳು ಗೋಡೆಯ ಮೇಲಿದ್ದಳು. ಕರಿ ಗಂಡಬೆಕ್ಕು ಎರಡು ಸಲ ಬಂದದ್ದನ್ನು ನಾನೇ ಕಂಡೆ. ಎರಡು ಸಲವೂ ನಾಯಿ ಗರ್ಜಿಸಿ ನುಗ್ಗಿದ, ಅದು ಬಂದ ದಾರಿಯಲ್ಲೇ ಓಟ ಕಿತ್ತಿತು. ತಾನು ಮನೆ ಕಾಯುತ್ತಿದ್ದೇನೆಂದು ನಾಯಿ ನನ್ನತ್ತ ತಿರುಗಿ ಬಾಲ ಆಡಿಸಿದ.

ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅವನು ಮರಿಗಳತ್ತ ಬೊಗಳುವುದನ್ನು ನಿಲ್ಲಿಸಿದ್ದ. ಸರಪಳಿಯ ತುದಿಯಲ್ಲಿ ಮಲಗಿ, ಮುಂಗಾಲುಗಳ ಮೇಲೆ ಗದ್ದವಿಟ್ಟು, ಪೆಟ್ಟಿಗೆಯನ್ನೇ ನೋಡುತ್ತಿದ್ದ. ಊಟಕ್ಕೆ ಕರೆದರೂ ಒಮ್ಮೊಮ್ಮೆ ಏಳುತ್ತಿರಲಿಲ್ಲ.

ಮರಿಗಳು ಕಣ್ಣು ಬಿಟ್ಟು ತೆವಳತೊಡಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅದು ಆಗಿಯೇ ಹೋಯಿತು. ನಾನು ಕಲ್ಲಿನ ಮೇಲೆ ಕೂತು ಪೇಪರು ಓದುತ್ತಿದ್ದೆ, ಹೆಂಡತಿ ಬಟ್ಟೆ ಹರವುತ್ತಿದ್ದಳು. ಮೂರರಲ್ಲಿ ಪುಟ್ಟದು ಪೆಟ್ಟಿಗೆಯ ಅಂಚು ದಾಟಿ ಹೊರಕ್ಕೆ ಉರುಳಿ, ಎದ್ದು, ಓಲಾಡುತ್ತ ನಾಲ್ಕು ಇಂಚನ್ನು ದಾಟಿ ನಾಯಿಯ ಮುಂಗಾಲಿನ ಬಳಿಗೆ ಹೋಗಿ ನಿಂತಿತು. ನಾನು ಪೇಪರು ಬಿಟ್ಟು ಅರ್ಧ ಎದ್ದೆ. ಹೆಂಡತಿಯ ಕೈಯಲ್ಲಿ ಒದ್ದೆ ಟವೆಲು ಹಾಗೇ ಉಳಿಯಿತು. ನಾಯಿ ತಲೆ ತಗ್ಗಿಸಿದ.

ತಾಯಿ ಪೆಟ್ಟಿಗೆಯಿಂದ ಹೊರಬಂದಳು. ಚೀರಲಿಲ್ಲ, ಮೈ ಉಬ್ಬಿಸಲಿಲ್ಲ, ಓಡಲೂ ಇಲ್ಲ. ನಿಧಾನವಾಗಿ ನಡೆದು ಬಂದು ನಾಯಿಯ ಮುಖದ ಮುಂದೆ ಕೂತಳು. ಅವಳ ಮೂಗಿಗೂ ಅವನ ಮೂಗಿಗೂ ಗೇಣು ದೂರ. ಅವನು ಮನಸ್ಸು ಮಾಡಿದ್ದರೆ ಒಂದೇ ಗಳಿಗೆ ಸಾಕಿತ್ತು. ಅವಳು ಅವನ ಕಣ್ಣನ್ನೇ ನೋಡುತ್ತ ಕೂತಳು. ಎಷ್ಟು ಹೊತ್ತೋ ತಿಳಿಯದು. ನಾಯಿ ದೊಡ್ಡದಾಗಿ ಉಸಿರು ಬಿಟ್ಟು, ಕತ್ತು ನೆಲಕ್ಕೆ ಹಾಸಿ ಮಲಗಿಬಿಟ್ಟ. ಮರಿ ಅವನ ಪಾದವನ್ನು ಹತ್ತಿತು. ಅವನು ಮೂಗಿನಿಂದ ಅದನ್ನು ಒಮ್ಮೆ ಹೊರಳಿಸಿ ಮೂಸಿದ. ಅವಳು ಮೂಸಲು ಬಿಟ್ಟಳು. ಆಮೇಲೆ ಮರಿಯ ಕುತ್ತಿಗೆ ಕಚ್ಚಿ ಎತ್ತಿಕೊಂಡು, ಅವನಿಗೆ ಬೆನ್ನು ತಿರುಗಿಸಿ, ಪೆಟ್ಟಿಗೆಗೆ ನಡೆದುಹೋದಳು.

ಹೆಂಡತಿ ಅಳುತ್ತಿದ್ದಳು. ಬೆಕ್ಕು ನಂಬಿ ನಾಯಿಗೆ ಬೆನ್ನು ತಿರುಗಿಸಿದ್ದು ನನ್ನ ಕಣ್ಣಿಗೆ ಕಟ್ಟಿತ್ತು. ಅವತ್ತೇ ಮಧ್ಯಾಹ್ನ ಗೇಟಿಗೆ ಬೀಗ ಹಾಕಿ ಅವನ ಸರಪಳಿ ಬಿಚ್ಚಿದೆ. ಅವನು ನೇರವಾಗಿ ಹೋಗಿ ಪೆಟ್ಟಿಗೆಗೆ ಒರಗಿ ಮಲಗಿದ.

ಮರಿಗಳಿಗೆ ಐದು ವಾರ ತುಂಬಿದ ಹೊತ್ತಿಗೆ ಒಂದು ದಿನ ತಾಯಿ ಬರಲಿಲ್ಲ. ಬೆಳಿಗ್ಗೆ ಹೋದವಳು ಸಂಜೆಯಾದರೂ ಇಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ಮರಿಗಳ ಕೂಗು ಕೇಳಲಾಗುತ್ತಿರಲಿಲ್ಲ. ಮಹಡಿಯವಳು ಕೋಳಿ ಬೇಯಿಸಿ ನುಣ್ಣಗೆ ಅರೆದು ಬೆರಳಿನ ತುದಿಯಲ್ಲಿ ನೆಕ್ಕಿಸಿದಳು. ತಿಂದವು. ತಿಂದು ನಾಯಿಯ ಹೊಟ್ಟೆಯ ಬೆಚ್ಚಗಿನ ಸಂದಿಗೆ ಹೋಗಿ ಒಂದರ ಮೇಲೊಂದು ಬಿದ್ದುಕೊಂಡವು. ಮುದಿ ಗಂಡುನಾಯಿ, ಏನೂ ತೋಚದವನಂತೆ ನನ್ನ ಮುಖ ನೋಡುತ್ತ, ಮಿಸುಕದೆ ಮಲಗಿದ್ದ.

ನಾನು ಹುಡುಕಲು ಹೊರಟೆ. ಕರೆಯಲು ಅವಳಿಗೆ ಹೆಸರು ಕೂಡ ಇಟ್ಟಿರಲಿಲ್ಲ. ನಿಂತ ಕಾರುಗಳ ಅಡಿಯಲ್ಲಿ ಬಗ್ಗಿ ನೋಡುತ್ತ, ಕಾಂಪೌಂಡುಗಳ ಮೇಲೆ ಇಣುಕುತ್ತ ಮಾರ್ಕೆಟ್ ರಸ್ತೆ ಮುಗಿಸಿ ಕಗ್ಗದಾಸಪುರದ ಕಡೆ ನಡೆದೆ. ನಾಯಿ ಅಂಕಲ್ ಬೆಕ್ಕು ಹುಡುಕುತ್ತಿದ್ದಾರೆಂದು ಬೇಕರಿಯವರು ನಕ್ಕರು. ಕಗ್ಗದಾಸಪುರದ ಮುಖ್ಯರಸ್ತೆಯ ಚಹಾ ಅಂಗಡಿಯವರು ಮಾತ್ರ ನಗಲಿಲ್ಲ. ಪಟ್ಟೆ ಬೆಕ್ಕೊಂದಕ್ಕೆ ನಿನ್ನೆ ಬೆಳಿಗ್ಗೆ ಸ್ಕೂಟರು ಬಡಿಯಿತು, ಹಿಂಗಾಲು ಎಳೆದುಕೊಂಡು ಮೋರಿಯೊಳಗೆ ಇಳಿಯಿತು, ಬದುಕಿರುವುದು ಅನುಮಾನ ಎಂದರು. ಮೋರಿಯ ಚಪ್ಪಡಿಗಳ ನಡುವೆ ಮೊಬೈಲಿನ ಬೆಳಕು ಬಿಟ್ಟು ಕತ್ತಲಾಗುವವರೆಗೆ ನೋಡಿದೆ. ಮನೆಗೆ ಬಂದು ಹೆಂಡತಿಗೆ ಹೇಳುವಾಗ ನನ್ನ ದನಿ ಒಡೆಯಿತು. ಒಂದು ಬೆಕ್ಕಿಗಾಗಿ ಹೀಗಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ನಾಯಿ ಗೇಟಿನ ಬಳಿ ನಿಂತು ಕುಂಯ್‌ಗುಡತೊಡಗಿದ. ಗೇಟಿನ ಮುಂದಿನ ಮೋರಿಗೆ ಮುಚ್ಚಿದ ಚಪ್ಪಡಿಯ ಮೂಲೆ ಒಡೆದಿದೆ. ಅವನು ಅಲ್ಲಿಗೇ ಮೂಗು ಚಾಚುತ್ತಿದ್ದ. ನಾನು ಬಾಗಿದೆ. ಆ ರಂಧ್ರದಿಂದ ಮೊದಲು ಕೆಸರಿನ ಒಂದು ತಲೆ ಬಂತು, ಆಮೇಲೆ ಒಂದು ಮುಂಗಾಲು, ಆಮೇಲೆ ಇನ್ನೊಂದು. ಅವಳು ಎರಡೇ ಕಾಲುಗಳಿಂದ ತನ್ನ ಇಡೀ ಮೈಯನ್ನು ಮೇಲಕ್ಕೆಳೆದುಕೊಂಡಳು. ಹಿಂಭಾಗ ಚೀಲದಂತೆ ಹಿಂದೆ ಜಾರಿ ಬಂತು. ಎತ್ತಿಕೊಳ್ಳಲು ಕೈ ಚಾಚಿದೆ, ಉಗುರಿನಿಂದ ಗೀರಿದಳು. ಗೇಟಿನ ಅಡಿಯಿಂದ ನುಸುಳಿ, ಸಂದಿನ ಉದ್ದಕ್ಕೂ ತೆವಳಿ, ಪೆಟ್ಟಿಗೆಯ ಮುಂದೆ ಮಗ್ಗುಲಾಗಿ ಬಿದ್ದಳು. ಮರಿಗಳು ಓಡಿಬಂದು ಬಾಯಿ ಹಾಕಿದವು. ಕೆಸರು ಮೆತ್ತಿದ ನಾಲಿಗೆಯಿಂದಲೇ ಅವುಗಳ ತಲೆ ನೆಕ್ಕಿದಳು. ಅದಾದ ಮೇಲೆ ನಾನು ಎತ್ತಿಕೊಂಡಾಗ ತಡೆಯಲಿಲ್ಲ.

ತರಕಾರಿ ಬುಟ್ಟಿಗೆ ಸೀರೆ ಹಾಸಿ, ಮೇಲೊಂದು ಬುಟ್ಟಿ ಕವುಚಿ ಕಟ್ಟಿ, ಆಟೋದಲ್ಲಿ ಹಲಸೂರಿನ ಪ್ರಾಣಿವೈದ್ಯೆಯ ಬಳಿಗೆ ಒಯ್ದೆವು. ಎಕ್ಸ್‌ರೇ ತೆಗೆದು ಅವರು ಸೊಂಟದ ಮೂಳೆ ಎರಡು ಕಡೆ ಮುರಿದಿದೆ ಎಂದರು. ಎಲ್ಲಿಂದ ಬಂತು ಎಂದು ಕೇಳಿದರು. ಕಗ್ಗದಾಸಪುರದಿಂದ, ಮೋರಿಯೊಳಗೆ, ಎರಡು ದಿನ ಎಂದೆ. ಅವರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು.

"ಈ ಸೊಂಟದಲ್ಲಿ ಹತ್ತು ಹೆಜ್ಜೆ ಇಡೋದೇ ಕಷ್ಟ ಸಾರ್. ಹೇಗೆ ಬಂತೋ ನನಗೂ ಗೊತ್ತಿಲ್ಲ," ಎಂದರು.

ಕೆಲವು ದಿನಗಳ ನಂತರ ನಾನು ಆ ಮೋರಿಯ ಮೇಲೆಯೇ ಕಗ್ಗದಾಸಪುರದಿಂದ ಮನೆಯವರೆಗೆ ನಡೆದು ನೋಡಿದೆ. ನನ್ನ ನಡಿಗೆಗೇ ಕಾಲು ಗಂಟೆ ಹಿಡಿಯಿತು. ಎರಡು ಕಡೆ ಕವಲಿದೆ, ಒಂದು ಕಡೆ ರಸ್ತೆಯ ಅಡಿಯಿಂದ ದಾಟುತ್ತದೆ. ಕತ್ತಲಲ್ಲಿ ಅವಳಿಗೆ ಯಾವ ತಿರುವು ಎಂದು ಹೇಳಿದವರು ಯಾರು? ಮೇಲೆ, ಬಿಸಿಲಿನಲ್ಲಿ ಏಕೆ ಬರಲಿಲ್ಲ ಎಂದು ಯೋಚಿಸುತ್ತ ಮಾರ್ಕೆಟ್ ರಸ್ತೆಗೆ ತಿರುಗಿದೆ. ಬೇಕರಿ ಕಟ್ಟೆಯಿಂದ ನನ್ನ ನಾಯಿಗಳು ಎದ್ದು ಬಂದವು. ಏಳೋ ಎಂಟೋ ಇದ್ದವು. ಬಿಸ್ಕತ್ತಿಗಾಗಿ ನನ್ನ ಜೇಬನ್ನು ಮೂಸಿದವು. ಉತ್ತರ ಅಲ್ಲೇ ಇತ್ತು. ನಾನು ತಿನ್ನಿಸಿ ಬೆಳೆಸಿದ ಈ ನಾಯಿಗಳ ಕಾಲಡಿಯಿಂದ, ಚಪ್ಪಡಿಯ ಕೆಳಗಿನಿಂದ, ಉಸಿರು ಬಿಗಿಹಿಡಿದು ಅವಳು ಮುರಿದ ಸೊಂಟ ಎಳೆದುಕೊಂಡು ಹೋಗಿದ್ದಳು. ನಾನು ಅವುಗಳಿಗೆ ಬಿಸ್ಕತ್ತು ಹಾಕಿದೆ. ಅವು ನನಗೆ ಪ್ರಿಯವೇ. ಆದರೆ ರಸ್ತೆಯ ಕೆಳಗೂ ಇನ್ನೊಂದು ರಸ್ತೆ ಇದೆ ಎಂಬುದು ಅವತ್ತಿನವರೆಗೆ ನನಗೆ ತಿಳಿದಿರಲಿಲ್ಲ.

ಆರು ವಾರ ಅವಳು ನಮ್ಮ ನಡುಮನೆಯಲ್ಲಿ ಪಂಜರದಲ್ಲಿದ್ದಳು. ನನ್ನ ಮೇಲೆ ಪ್ರೀತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಔಷಧಿ ಕುಡಿಸುವಾಗಲೆಲ್ಲ ಗೀರಿದಳು, ಎರಡು ಸಲ ಕಚ್ಚಿದಳು, ನಾನು ಚುಚ್ಚುಮದ್ದು ತೆಗೆದುಕೊಂಡೆ. ಉಳಿದ ಹೊತ್ತು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದಳು. ಮೊದಲಾಗಿದ್ದರೆ ನಿಯತ್ತಿಲ್ಲದ್ದು ಎನ್ನುತ್ತಿದ್ದೆ. ಈಗ ಆ ಮಾತು ನಾಲಿಗೆಗೆ ಬರಲಿಲ್ಲ. ಯಾರ ಹಂಗೂ ಇಲ್ಲದೆ ಇಷ್ಟನ್ನು ಮಾಡಿದವಳು ನನಗೇಕೆ ಬಾಲ ಆಡಿಸಬೇಕು?

ಮೂಳೆ ಕೂಡಿತು. ಮತ್ತೆ ಮರಿಯಾಗದಂತೆ ಆಪರೇಷನ್ ಕೂಡ ಮಾಡಿದ ವೈದ್ಯೆ, ಇನ್ನು ಎತ್ತರಕ್ಕೆ ಹಾರಲಾರಳು ಎಂದರು. ಬಿಡುಗಡೆಯ ದಿನ ನಾನು ಸಂದಿನಲ್ಲಿ ಕಾಂಪೌಂಡಿನ ಗೋಡೆಗೆ ಒಂದು ಹಲಗೆಯನ್ನು ಇಳಿಜಾರಾಗಿ ಒರಗಿಸಿಟ್ಟೆ. ಗೋಣಿ ಸುತ್ತಿ, ಮೊಳೆ ಹೊಡೆದು, ಅರ್ಧ ದಿನ ಕೂತು ಮಾಡಿದ್ದು. ಅವಳು ಅದನ್ನು ಮೂಸಿ ಪಕ್ಕಕ್ಕೆ ಸರಿದಳು. ಗೋಡೆಯ ಬುಡದಲ್ಲಿ ಕೂತು ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಎದ್ದು ಒಗೆಯುವ ಕಲ್ಲಿಗೆ ಮುಂಗಾಲಿಟ್ಟು ಏರಿದಳು. ಕಲ್ಲಿನಿಂದ ನೀರಿನ ಡ್ರಮ್ಮಿನ ಮುಚ್ಚಳಕ್ಕೆ, ಡ್ರಮ್ಮಿನಿಂದ ಬಚ್ಚಲಮನೆಯ ಕಿಟಕಿಯ ಅಂಚಿಗೆ, ಅಲ್ಲಿಂದ ಪೈಪು ಬಾಗಿದ ಮೊಣಕೈಗೆ. ಎಲ್ಲೂ ಒಂದು ಅಡಿಗಿಂತ ಹೆಚ್ಚು ಹಾರಲಿಲ್ಲ. ಪೈಪಿನಿಂದ ಗೋಡೆಗೆ ಒಂದೇ ಹೆಜ್ಜೆ. ಇಪ್ಪತ್ತೈದು ವರ್ಷ ನಾನು ಬದುಕಿದ ಮನೆಯಲ್ಲಿ ಮೆಟ್ಟಿಲೊಂದಿತ್ತು, ನಾನು ಕಂಡಿರಲಿಲ್ಲ. ಅವಳು ಗೋಡೆಯ ಮೇಲೆ ನಿಂತು ಮೈ ಕೊಡವಿ, ಸ್ವಲ್ಪ ಓರೆಯಾಗಿ ನಡೆಯುತ್ತ ಪಕ್ಕದ ಮನೆಯ ಕಡೆಗೆ ಹೋದಳು. ಕೆಳಗೆ ನಾಯಿ ಗೋಡೆಯುದ್ದಕ್ಕೂ ಅವಳ ಜೊತೆ ನಡೆದ.

ಮರಿಗಳಲ್ಲಿ ಒಂದನ್ನು ಫ್ರೇಜರ್ ಟೌನಿನ ಗೆಳೆಯನ ಮನೆಗೆ ಕೊಟ್ಟೆ. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅವನು ಒಳಗಿದ್ದವರನ್ನೆಲ್ಲ ದಖನಿ ಉರ್ದುವಿನಲ್ಲಿ ಕೂಗಿ ಕರೆದು ತೋರಿಸಿದ. ಇನ್ನೊಂದು ನಮ್ಮಲ್ಲೇ ಉಳಿಯಿತು. ಮೂರನೆಯದು, ಅಂದು ನಾಯಿಯ ಪಾದ ಹತ್ತಿದ ಪುಟ್ಟ ಹೆಣ್ಣುಮರಿ, ಮಹಡಿಯವಳ ಮಡಿಲು ಬಿಟ್ಟು ಇಳಿಯುತ್ತಿರಲಿಲ್ಲ. ಗಂಡನಿಗೆ ಕೃಷ್ಣರಾಜಪುರದ ಕಡೆ ಕೆಲಸ ಸಿಕ್ಕಿ ಅವರು ಕೋಣೆ ಖಾಲಿ ಮಾಡಿದಾಗ ಪಾತ್ರೆಯ ಚೀಲದ ಜೊತೆ ಅದನ್ನೂ ಬಸ್ಸಿನಲ್ಲಿ ಕರೆದೊಯ್ದರು.

ಮೂರು ತಿಂಗಳ ನಂತರ ನಾನು ಅವರನ್ನು ನೋಡಲು ಹೋದೆ. ರೈಲು ನಿಲ್ದಾಣದ ಹಿಂದೆ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಒಂದು. ಲಾರಿಗಳ ಸದ್ದಿಗೆ ಕಿಟಕಿ ಅದುರುತ್ತಿತ್ತು. ಅವಳು ಚಾಪೆ ಹಾಸಿ ಕೂರಿಸಿ ಒಲೆ ಹಚ್ಚಿದಳು. ಮರಿ ಈಗ ಮರಿಯಾಗಿರಲಿಲ್ಲ. ತಾಯಿಯದೇ ಪಟ್ಟೆ, ತಾಯಿಯದೇ ಅರ್ಧ ಮುಚ್ಚಿದ ಕಣ್ಣು. ಟ್ರಂಕಿನ ಮೇಲೆ ಕೂತು ನನ್ನನ್ನು ಅಪರಿಚಿತನಂತೆ ನೋಡುತ್ತಿತ್ತು. ಇದು ಯಾರ ಹತ್ತಿರವೂ ಹೋಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದು ಅವಳು ಮೊದಲೇ ಹೇಳಿದಳು. ನಾನು ಕರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅದು ಟ್ರಂಕಿನಿಂದ ಇಳಿದು, ಗೋಡೆಯ ಬದಿಯಲ್ಲೇ ಬಂದು, ನನ್ನ ಪ್ಯಾಂಟಿನ ಅಂಚಿಗೆ ಮೂಗಿಟ್ಟಿತು. ಬೆಳಿಗ್ಗೆ ನಾಯಿ ಒರಗಿಕೊಂಡಿದ್ದ ಜಾಗ ಅದು, ಅವನ ಕೂದಲು ಇನ್ನೂ ಅಂಟಿತ್ತು. ಮೂಸಿತು, ಮೂಸುತ್ತಲೇ ಇತ್ತು. ಬಾಯಿ ಕೊಂಚ ತೆರೆದು, ಕಣ್ಣು ಮುಚ್ಚಿ, ಮೊಣಕಾಲಿನವರೆಗೂ ಮೂಸಿತು. ಆಮೇಲೆ ನನ್ನ ಪಾದದ ಮೇಲೆ ಸುರುಳಿ ಸುತ್ತಿ ಮಲಗಿ ಗುರುಗುಟ್ಟತೊಡಗಿತು.

"ನಾಯಿ ವಾಸನಿ ಬಂತ್ರಿ ಆಕಿಗಿ," ಎಂದು ಅವಳು ಮೆಲ್ಲಗೆ ಹೇಳಿ ಚಹಾದ ಲೋಟ ಕೈಗಿತ್ತಳು.

ಆ ಗುರುಗುಡುವಿಕೆ ಪಾದದಿಂದ ಮೊಣಕಾಲಿಗೆ ಏರಿ ಬರುತ್ತಿತ್ತು. ಕಾಲು ಜೋಮು ಹಿಡಿಯಿತು. ನಾನು ಎರಡು ಲೋಟ ಚಹಾ ಕುಡಿದೆ, ಅವರ ಊರಿನ ಸುದ್ದಿಯನ್ನೆಲ್ಲ ಕೇಳಿದೆ, ಪಾದವನ್ನು ಅಲುಗಿಸಲಿಲ್ಲ.